ಹ್ಯಾಂಗಾತು?

ಆನ್‌ಲೈನ್ ಆಟದ ನೆಲಮಾಳಿಗೆಯೊಂದರಲ್ಲಿ ಮೈಸೂರಿನ ಅವನೂ ಧಾರವಾಡದ ಅವಳೂ ಸಿಕ್ಕಿಬಿದ್ದಿದ್ದರು. ಬಾಗಿಲು ತೆರೆಯುವಷ್ಟರಲ್ಲಿ ಪ್ರತಿಸಲವೂ ಆಟ ನಿಂತುಬಿಡುತ್ತಿತ್ತು. ಉಳಿದ ಜೊತೆಗಾರರೆಲ್ಲ ಬೇಸತ್ತು ಆಟವನ್ನೇ ಬಿಟ್ಟಿದ್ದರು. ಯಾರಾದರೊಬ್ಬರು "ಹ್ಯಾಂಗ್" ಎಂದರೆ ಇಬ್ಬರೂ ಕಂಪ್ಯೂಟರ್ ಆರಿಸಿ ಮೊದಲಿಂದ ಶುರು ಮಾಡುವುದು ರೂಢಿ.

"ಇದು ನನ್ನ ಕಡೀ ಆಟ," ಹೆಡ್‌ಫೋನಿನಲ್ಲಿ ಅವಳೆಂದಳು. "ನಾಳೆ ಗಂಡಿನ ಕಡೆಯವರು ಬರ್ತಾರ. ಯಾರೂ ತಡೀಲಿಲ್ಲಂದ್ರ ಹೂಂ ಅಂದುಬಿಡ್ತೀನಿ."

"ತಡಿಯೇ! ನನ್ನನ್ನ ಮದುವೆ ಆಗ್ತೀಯಾ?"

ಅವಳ ದನಿ: "ಹ್ಯಾಂಗ..."

"ಥೂ, ದರಿದ್ರದ್ದು! ಈಗಲೇ ಆಗ್ಬೇಕಿತ್ತಾ?" ಅವನು ಪಟ್ಟನೆ ಸ್ವಿಚ್ ಆರಿಸಿದ.

"...ಒಲ್ಲೆ ಅನ್ಲಿ, ಹುಚ್ಚಪ್ಪಾ?" ಧಾರವಾಡದಲ್ಲಿ ಅವಳು ನಾಚುತ್ತ ಮಾತು ಮುಗಿಸಿದಳು.

ಪರದೆಯ ಮೇಲೆ ಉತ್ತರ ಮೂಡಿತು: "ನಿಮ್ಮ ಜೊತೆಗಾರ ಆಟ ಬಿಟ್ಟು ಹೋಗಿದ್ದಾರೆ."