ಹೆತ್ತವ್ವನ ಮರ್ಯಾದೆ

ಎದುರು ಪಕ್ಷದವನು ಪ್ರಚಾರದ ಭರದಲ್ಲಿ ಚಿಕ್ಕತಾಯಮ್ಮನ ನಡತೆಯ ಬಗ್ಗೆ ಒಂದು ಕೊಳಕು ಮಾತು ಆಡಿಬಿಟ್ಟಿದ್ದ. ಅವನು ಆಡಿದ್ದು ಒಂದೇ ಸಲ. ಅದನ್ನು ಮೈಕಿನಲ್ಲಿ ಊರೂರಿಗೆ ಮುಟ್ಟಿಸಿದವನು ಅವಳ ಮಗ, ಶಾಸಕ. “ನನ್ನ ಹೆತ್ತವ್ವನಿಗೆ ಅವನು ಏನಂದ ಗೊತ್ತಾ?” ಎಂದು ಶುರು ಮಾಡಿ, ಅಂದದ್ದನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದ. ಚಿಕ್ಕತಾಯಮ್ಮ ಡೈರಿಗೆ ಹಾಲು ಹಾಕಲು ಹೋಗುವುದನ್ನೂ ಬಿಟ್ಟಿದ್ದಳು.

“ಸಾಕು ಬುಡ್ಲಾ, ಎಲ್ಲ ನನ್ ಮೊಕಾನೇ ನೋಡ್ತಾರೆ.”

“ನಿನ್ ಮರ್ವಾದೆ ಪ್ರಶ್ನೆ ಕಣವ್ವ. ಅವ್ನು ಕ್ಷಮೆ ಕೇಳಗಂಟ ಬುಡಾಕಿಲ್ಲ.”

ಒಂದು ಬೆಳಿಗ್ಗೆ ಆ ಎದುರಾಳಿಯೇ ಹಿತ್ತಲ ಬಾಗಿಲಿನಿಂದ ಒಬ್ಬನೇ ಬಂದ. ಚಿಕ್ಕತಾಯಮ್ಮನ ಕಾಲು ಹಿಡಿದು, “ತಪ್ಪಾಯ್ತು ಕಣವ್ವ, ಮಗನಂಗೆ ತಿಳ್ಕೊಂಡು ಹೊಟ್ಟೆಗೆ ಹಾಕ್ಕೊ. ನಾಳೆ ಪೇಪರ್‌ನೋರ ಮುಂದೂ ಕೇಳ್ಕತೀನಿ,” ಎಂದ.

“ಎದ್ದೇಳಪ್ಪ, ಆಯ್ತು,” ಎಂದಳು ಅವಳು.

“ಪೇಪರ್‌ನೋರೆಲ್ಲ ಯಾಕಣ್ಣ? ಅವ್ವನೇ ಮನ್ನಿಸಿದ್ಮೇಲೆ ಮುಗೀತು,” ಎಂದು ಮಗ ಅವನಿಗೆ ಕಾಫಿ ಕುಡಿಸಿ ಕಳಿಸಿದ.

ಅಂತೂ ಆ ಮಾತು ಅಡಗಿತು ಎಂದು ಚಿಕ್ಕತಾಯಮ್ಮನ ಎದೆ ಹಗುರಾಯಿತು. ಸಂಜೆಯ ಸಭೆಗೆ ಮಗ ಕರೆದಾಗ ಒಳ್ಳೆಯ ಸೀರೆಯುಟ್ಟು, ಹೂ ಮುಡಿದು ಹೊರಟಳು.

ವೇದಿಕೆಯ ನಟ್ಟನಡುವೆ ಅವಳನ್ನು ಕೂರಿಸಿ ಮಗ ಮೈಕು ಹಿಡಿದ.

“ನನ್ನ ಹೆತ್ತವ್ವನಿಗೆ ಅವನು ಏನಂದ ಗೊತ್ತಾ?”

ಆ ಮಾತು ಒಂದಕ್ಷರ ಬಿಡದೆ ಮತ್ತೆ ಬಂತು. ಚಿಕ್ಕತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣೀರು ನಿಲ್ಲಲಿಲ್ಲ.

“ಇವತ್ತಿನವರೆಗೂ ಅವನು ಕ್ಷಮೆ ಕೇಳಿಲ್ಲ!” ಮಗ ಅವಳತ್ತ ಕೈ ಚಾಚಿದ. “ನೋಡಿ, ನಮ್ಮವ್ವ ಇನ್ನೂ ಹೆಂಗೆ ಅಳ್ತಾವ್ಳೆ!”