ಸೊಂಟಕ್ಕೆ ಸಿಮೆಂಟು

“ಅಜ್ಜೀ! ಏನ್ ಮಾಡ್ತಾ ಇದೀರಿ?”

ನರ್ಸ್ ಬಾಗಿಲಲ್ಲೇ ಕೂಗಿಕೊಂಡಳು. ಮೇಸ್ತ್ರಿಯ ಹೆಂಡತಿ ಗಂಡನ ಸೊಂಟದ ಮೇಲೆ ಒದ್ದೆ ಟವೆಲ್ ಹಾಸಿ, ಲೋಟದಿಂದ ನಿಧಾನವಾಗಿ ನೀರು ಹನಿಸುತ್ತಿದ್ದಳು. ಹಾಸಿಗೆ ತೊಯ್ದು ತೊಪ್ಪೆಯಾಗಿತ್ತು.

“ಸಿಮೆಂಟು ಹಾಕಿದ್ಮೇಲೆ ನೀರು ಬಿಡ್ದೆ ಇರೋಕಾಗುತ್ತಾ? ಬಿರುಕು ಬಿಡಲ್ವಾ?” ಎಂದಳು ಆಕೆ. ನಲವತ್ತು ವರ್ಷ ಗಂಡ ಕಟ್ಟಿದ ಗೋಡೆಗಳಿಗೆಲ್ಲ ನೀರು ಬಿಟ್ಟವಳು ಅವಳೇ. ನರ್ಸ್ ಲೋಟ ಕಿತ್ತುಕೊಂಡು, ಸೂಜಿ ಚುಚ್ಚಿದ ಜಾಗ ಒರೆಸಿ, ಹೊಸ ಪಟ್ಟಿ ಅಂಟಿಸಿದಳು.

ಪಾಪ, ಅವಳದೇನು ತಪ್ಪು? ಕ್ಯಾನ್ಸರ್ ಗೆಡ್ಡೆ ಕೊರೆದು ಟೊಳ್ಳಾಗಿದ್ದ ಸೊಂಟದ ಮೂಳೆಗೆ ಬೆಳಿಗ್ಗೆ ಸೂಜಿಯಲ್ಲಿ ಸಿಮೆಂಟು ತುಂಬಿದ್ದೇವೆ ಎಂದವರು ಡಾಕ್ಟರೇ. ಕೊಯ್ಯಲಿಲ್ಲ, ಹೊಲಿಯಲಿಲ್ಲ, ಎಪ್ಪತ್ತೆಂಟರ ದೇಹ ಅದನ್ನೆಲ್ಲ ತಡೆಯುತ್ತಲೂ ಇರಲಿಲ್ಲ. ಮೂರು ತಿಂಗಳು ಮಲಗಿದ್ದವನು ಸಂಜೆಗೆ ಎದ್ದು ನಿಲ್ಲುತ್ತಾನಂತೆ! ಆ ಮಾತು ಕೇಳಿದಾಗಿನಿಂದ ಅವಳ ಕೈಕಾಲು ಒಂದು ಕಡೆ ನಿಂತಿರಲಿಲ್ಲ.

ಸಂಜೆಯಾಯಿತು. ಡಾಕ್ಟರೂ ಬಂದರು. ಮೇಸ್ತ್ರಿ ಮಾತ್ರ ಜಪ್ಪಯ್ಯ ಅಂದರೂ ಏಳಲೊಲ್ಲ.

“ಡಾಕ್ಟರಮ್ಮಾ, ತಾರಸಿ ಹಾಕಿದ್ರೆ ಇಪ್ಪತ್ತೊಂದು ದಿನ ಕೆಳಗೆ ಆಸರೆಗೆ ಕೊಟ್ಟ ಕಂಬ ತೆಗೆಯಲ್ಲ ನಾನು. ಒಂದೇ ಒಂದ್ಸಲ ಮನೆಯೋರು ಅವಸರ ಮಾಡಿದ್ರು ಅಂತ ತೆಗೆದೆ. ಕಣ್ಣೆದುರೇ ಕುಸೀತು. ಆತುರಗಾರನಿಗೆ ಬುದ್ಧಿ ಮಟ್ಟ!”

ಡಾಕ್ಟರು ವಾದಕ್ಕೆ ಇಳಿಯಲಿಲ್ಲ. ಕೋಟಿನ ಜೇಬಿನಿಂದ ಗೋಲಿಯಷ್ಟು ದೊಡ್ಡ ಬಿಳಿ ಉಂಡೆಯೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟರು.

“ಬೆಳಿಗ್ಗೆ ಮಿಕ್ಕಿದ್ದು, ಮೇಸ್ತ್ರಿಗಳೇ. ನಿಮ್ಮ ಮೂಳೆ ಒಳಗಿರೋದೂ ಇದೂ ಒಂದೇ ಬಟ್ಟಲಲ್ಲಿ ಕಲಸಿದ್ದು. ಇಪ್ಪತ್ತು ನಿಮಿಷಕ್ಕೇ ಗಟ್ಟಿಯಾಯ್ತು. ನೀವೇ ನೋಡಿ.”

ಮೇಸ್ತ್ರಿ ಉಗುರಿನಿಂದ ಕೆರೆದ. ಇದ್ದ ನಾಲ್ಕು ಹಲ್ಲಿನಲ್ಲೇ ಕಚ್ಚಿದ. ಮಂಚದ ಕಬ್ಬಿಣಕ್ಕೆ ಕುಟ್ಟಿ ಕಿವಿಗೊಟ್ಟ. ಒಂದು ಚೂರೂ ಉದುರಲಿಲ್ಲ. ಮುಖ ಅರಳಿತು.

“ಅಬ್ಬಬ್ಬಾ! ಯಾರಮ್ಮಾ ನಿಮಗೆ ಹದ ಕಲಿಸಿದ್ದು? ಎಬ್ಬಿಸಿ ನನ್ನ!”

ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಹೆಂಡತಿ. ಪಾದ ನೆಲ ಮುಟ್ಟಿತು. ಮೇಸ್ತ್ರಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಆ ಹಳೆಯ ನೋವಿಗಾಗಿ ಕಾದ. ಸ್ವಲ್ಪ ಚುಚ್ಚಿತು, ಅಷ್ಟೇ. ಇನ್ನಷ್ಟು ಭಾರ ಬಿಟ್ಟ. ಸೊಂಟ ತಡೆಯಿತು!

“ಡಾಕ್ಟರಮ್ಮಾ, ಕೈ ಬಿಡಿ.”

ಡಾಕ್ಟರು ಪಕ್ಕದಲ್ಲೇ ನಿಂತು ಕೈ ಬಿಟ್ಟರು. ಒಂದು ಹೆಜ್ಜೆ. ಇನ್ನೊಂದು. ಮತ್ತೊಂದು. ಒದ್ದೆ ಹಾಸಿಗೆಯ ಸಿಟ್ಟನ್ನೆಲ್ಲ ಮರೆತು ನರ್ಸ್ ಚಪ್ಪಾಳೆ ತಟ್ಟಿದಳು.

“ನೋಡೇ, ನಿಂತಿದೀನಿ ಕಣೇ!” ಮೇಸ್ತ್ರಿ ಮಗುವಿನ ಹಾಗೆ ನಕ್ಕ. “ನೀನೂ ಬಿಡು.”

ಅವಳು ಅವನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

“ಇಪ್ಪತ್ತೊಂದು ದಿನ ಆಗ್ಲಿ.”