ಮೇಜು ನಿಮ್ಮಿಷ್ಟ

"ನನ್ನ ಹೆಂಡತೀನ ಕಳಿಸ್ತೀರೋ ಇಲ್ವೋ?" ಅಳಿಯ ಬಾಗಿಲಲ್ಲೇ ಗುಡುಗಿದ.

ಮಾವ ಬಿಲಿಯರ್ಡ್ಸ್ ಆಡುವ ಕೋಲು, ಕ್ಯೂ, ಒರೆಸುವುದನ್ನು ನಿಲ್ಲಿಸಲಿಲ್ಲ. "ಫೋನಲ್ಲೇ ಹೇಳಿದ್ನಲ್ಲ. ಮೊದಲು ಒಂದಾಟ. ಮೇಜು ನಿಮ್ಮಿಷ್ಟ. ಆಮೇಲೆ ಅವಳ ವಿಷಯ."

ಮುದುಕನಿಗೆ ಅರಳುಮರಳು, ಎಂದುಕೊಂಡ ಅಳಿಯ. ಎದುರಾಳಿಗೆ ಮೇಜು ಆರಿಸಲು ಬಿಡುವ ಪೆದ್ದ ಎಲ್ಲಾದರೂ ಇದ್ದಾನೆಯೇ?

ಅವಳು ಯಾಕೆ ತವರು ಸೇರಿದಳೆಂದು ಅವನಿಗೆ ಇನ್ನೂ ತಲೆಬುಡ ಅರ್ಥವಾಗಿರಲಿಲ್ಲ. ಹೊಡೆದನೇ, ಬೈದನೇ? ಉಣ್ಣಲು ಉಡಲು ಕಡಿಮೆ ಮಾಡಿದನೇ? ಅವಳು ಏನಾದರೂ ಹೇಳಲು ಬಂದರೆ "ಆಮೇಲೆ" ಎನ್ನುತ್ತಿದ್ದ, ಅಷ್ಟೆ. ಈಗ ಮನೆ ಭಣಗುಟ್ಟುತ್ತಿತ್ತು. ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಇವತ್ತು ಅವಳನ್ನು ಕರೆದೊಯ್ಯಲೇಬೇಕು.

ಮಾವನ ಬಿಲಿಯರ್ಡ್ಸ್ ಹಾಲ್‌ನಲ್ಲಿ ಮೂರು ಮೇಜುಗಳು. ಮೊದಲನೆಯದು ಸ್ನೂಕರಿನದು, ಮೈದಾನದಷ್ಟು ದೊಡ್ಡದು. ಅದರ ಪಾಕೆಟ್‌ಗಳ ಬಾಯಿ ಕಿರಿದು, ಅಂಚು ದುಂಡಗೆ. ಚೆಂಡು ಕೂದಲೆಳೆ ತಪ್ಪಿದರೂ ಹೊರಕ್ಕೆ ಪುಟಿಯುತ್ತದೆ. ಅದು ಮುದುಕನ ಕೋಟೆ. ಎರಡನೆಯದು ಪೂಲ್ ಮೇಜು: ಚಿಕ್ಕದು, ಪಾಕೆಟ್‌ಗಳ ಬಾಯಿ ಅಗಲ. ಅಳಿಯ ಪಳಗಿದ್ದೇ ಅದರಲ್ಲಿ.

ಮೂರನೆಯದಕ್ಕೆ ಪಾಕೆಟ್ಟೇ ಇಲ್ಲ. ಮೂರೇ ಚೆಂಡು; ತನ್ನದನ್ನು ಉಳಿದೆರಡಕ್ಕೂ ತಾಗಿಸಬೇಕು, ಅಷ್ಟೇ ಆಟ. ಅಳಿಯ ಅದರ ಮೇಲೆ ಕೈಯಿಟ್ಟ. ಬೆಚ್ಚಗಿತ್ತು.

"ಬಟ್ಟೆಯಡಿ ಇರೋ ಕಲ್ಲಿನ ಕೆಳಗೆ ಹೀಟರ್ ಇದೆ. ಬಿಸಿಯಿದ್ರೆ ಚೆಂಡು ಚೆನ್ನಾಗಿ ಓಡುತ್ತೆ," ಅಂದರು ಮಾವ. "ಬೆಳಿಗ್ಗೇನೇ ಹಾಕಿಟ್ಟಿದೀವಿ. ಇದ್ರಲ್ಲಿ ಆಡ್ತೀರಾ?"

ಓಹೋ, ಬಲೆ! "ಪಾಕೆಟ್ಟೇ ಇಲ್ಲದ ಮೇಜಲ್ಲಿ ಆಡೋಕೆ ನನಗೇನು ಹುಚ್ಚಾ? ಯಾವನು ಆಡ್ತಾನೆ ಇದ್ರಲ್ಲಿ?"

"ಯಾರು ಆಡ್ತಾರೆ ಅಂತ ಕೇಳಿದ್ದು ಒಳ್ಳೇದಾಯ್ತು. ಇದ್ರಲ್ಲಿ ಆಡೋದು..." ಎಂದು ಮಾವ ಹೇಳತೊಡಗಿದರು. ಅಳಿಯ ಆಗಲೇ ಪೂಲ್ ಮೇಜಿನತ್ತ ತಿರುಗಿದ್ದ.

"ಇದೇ."

"ಯೋಚನೆ ಮಾಡಿ ಹೇಳ್ತಿದೀರಾ?"

"ಭಯ ಆಯ್ತಾ ಮಾವ?"

ಮಾವ ನಿಟ್ಟುಸಿರಿಟ್ಟು ಚೆಂಡು ಜೋಡಿಸಿದರು. ಅಲ್ಲಿಂದಾಚೆಗೆ ಅವರಿಗೆ ಆಟವೇ ಬೇಡವಾದಂತಿತ್ತು. ನೇರ ಹೊಡೆತಗಳನ್ನೂ ತಪ್ಪಿಸಿದರು. ಅಳಿಯ ಒಂದರ ಹಿಂದೊಂದು ಚೆಂಡು ಕೆಡವಿದ. ಕೊನೆಗೆ ಕಪ್ಪು ಚೆಂಡನ್ನೂ ಧಡಾರನೆ ಒಳಗೆ ಅಟ್ಟಿದ.

"ಮಣ್ಣುಮುಕ್ಕಿದ್ರಲ್ಲ ಮಾವ! ಕರೀರಿ ಅವಳನ್ನ. ಗಂಟುಮೂಟೆ ಕಟ್ಟಲಿ."

ಕರೆಯಬೇಕಾಗಲಿಲ್ಲ. ಒಳಬಾಗಿಲಲ್ಲೇ ನಿಂತಿದ್ದ ಹೆಂಡತಿ ಹಾಲ್‌ಗೆ ಬಂದಳು. ಕೈಯಲ್ಲಿ ಗಂಟಿರಲಿಲ್ಲ, ಕ್ಯೂ ಇತ್ತು. ಮೂರನೆಯ ಮೇಜಿನ ಹೀಟರ್ ಆರಿಸಿದಳು.

"ಇದರಲ್ಲಿ ಆಡೋಳು ನಾನು ಕಣ್ರೀ. ಎಷ್ಟು ಸಲ ಹೇಳೋಕೆ ಬಂದೆ, 'ಆಮೇಲೆ' ಅಂದ್ರಿ. ನೀವು ಇದನ್ನ ಆರಿಸಿದ್ದಿದ್ರೆ, ಸೋತಿದ್ರೂ ನಿಮ್ಮ ಜೊತೆ ಬರ್ತೀನಿ ಅಂತ ಅಪ್ಪನಿಗೆ ಹೇಳಿದ್ದೆ."